ಮೊದಲು ಹೆಕ್ಕುದು, ಮತ್ತೆ ಹೊರುದು

ಎಲ್ಲಕ್ಕೂ ಕಾರಣ ಒಂದು ವಾಟ್ಸಾಪ್ ಮೆಸೇಜು. ಶನಿವಾರ ಸಂಜೆ ಕುಶಾಲಪ್ಪ ಮಾಷ್ಟ್ರು ಬಚ್ಚಲಿನ ಒಲೆಗೆ ಕಟ್ಟಿಗೆ ತುಂಬಿಸುತ್ತಿದ್ದ ಹೊತ್ತಿಗೆ ಅದು ಬಂತು. 'ನಾಳೆ ನಿಮ್ಮ ಮಕ್ಕಳ ಅಭ್ಯಾಸ ನೋಡಲು ಬರುತ್ತೇವೆ. ಎಳೆಯ ಆಟಗಾರರಲ್ಲಿ ಬಲದ ವ್ಯಾಯಾಮವನ್ನೂ ಕೌಶಲದ ಅಭ್ಯಾಸವನ್ನೂ ಹೇಗೆ ಸರಿದೂಗಿಸುತ್ತೀರಿ ಎಂಬುದನ್ನು ಮಾಡಿಸಿ ತೋರಿಸಬೇಕು. ಚಂಡೀಗಢದ ಹದಿನೈದು ದಿನಗಳ ಶಿಬಿರಕ್ಕೆ ಮಕ್ಕಳ ಜೊತೆ ಯಾರು ಕೋಚ್ ಆಗಿ ಹೋಗುವುದೆಂದು ಅಲ್ಲೇ ತೀರ್ಮಾನವಾಗುತ್ತದೆ.' ಕೆಳಗೆ ಲ್ಯಾಕ್ರೋಸ್ ಸಂಘದ ಹೆಸರಿತ್ತು. ಬರುವವರ ಹೆಸರು ಇರಲಿಲ್ಲ.

ಮಾಷ್ಟ್ರು ಮೊದಲಿಂದಲೂ ಕನಸಿನ ಮನುಷ್ಯ. ಕನಸಿಗಾಗಿ ನಿದ್ದೆಯನ್ನು ಕಾಯುವ ಅಭ್ಯಾಸ ಅವರಿಗಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ನಿಂತೇ ಕಾಣುತ್ತಾರೆ, ಸುಬ್ರಹ್ಮಣ್ಯದ ಬಸ್ಸಿನ ಕಂಬಿ ಹಿಡಿದು ತೂಗಾಡುತ್ತಲೇ ಕಾಣುತ್ತಾರೆ. ಈಗಲೂ ಒಲೆಯ ಬೆಂಕಿಯೊಳಗೆ ಬಜಪೆಯ ವಿಮಾನ ಕಂಡಿತು, ಕಿಟಕಿ ಬದಿಯ ಸೀಟು ಕಂಡಿತು, ತಾನು ತೊಟ್ಟ ನೀಲಿ ಟ್ರ್ಯಾಕ್‌ಸೂಟಿನ ಬೆನ್ನ ಮೇಲೆ 'ಕುಶಾಲಪ್ಪ, ಕೋಚ್' ಎಂದು ಬಿಳಿ ಅಕ್ಷರದಲ್ಲಿ ಬರೆದದ್ದು ಕಂಡಿತು. ತನ್ನ ಬೆನ್ನ ಮೇಲಿನ ಬರಹ ತನಗೇ ಹೇಗೆ ಕಂಡಿತು ಎಂಬ ಪ್ರಶ್ನೆ ಅವರಿಗೆ ಹುಟ್ಟಲಿಲ್ಲ.

"ನೀರು ಕುದ್ದು ಅರ್ಧ ಆಯ್ತು," ಎಂದಳು ಹೆಂಡತಿ ಈಶ್ವರಿ, ಬಾಗಿಲಲ್ಲಿ ನಿಂತು. "ನೀವು ಸ್ನಾನ ಮಾಡುದಾ, ಅಲ್ಲ ಅದ್ರಲ್ಲೇ ಅನ್ನಕ್ಕಿಡುದಾ?"

ಅವರ ಆಸೆ ಅಂಥ ದೊಡ್ಡದೇನೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ನೆಟ್ಟಣ ಸ್ಟೇಷನ್ನಿನ ಆಚೆಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಷ್ಟ್ರು. ಅಷ್ಟು ವರ್ಷವೂ ಸ್ವಾತಂತ್ರ್ಯದಿನದ ಮೈಕು ಕಟ್ಟಿಸಿದ್ದರು, ಗಣಿತದವರು ರಜೆ ಹಾಕಿದಾಗ ಮಕ್ಕಳನ್ನು ಮೈದಾನಕ್ಕೆ ಬಿಟ್ಟಿದ್ದರು, ತಾಲೂಕು ಕ್ರೀಡಾಕೂಟದ ಉದ್ದ ಜಿಗಿತದಲ್ಲಿ ಅಳತೆ ಟೇಪಿನ ಒಂದು ತುದಿ ಹಿಡಿದಿದ್ದರು. ಟೇಪು ಹಿಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಒಂದು ತಂಡವನ್ನು ಕರೆದುಕೊಂಡು ಪುತ್ತೂರು ದಾಟಿ ಹೋಗಬೇಕು, ಒಂದು ಸಲವಾದರೂ ಯಾರಾದರೂ 'ಈ ಮಕ್ಕಳ ಕೋಚ್ ಯಾರು?' ಎಂದು ಕೇಳಬೇಕು. ಇಷ್ಟೇ ಅವರಿಗೆ ಬೇಕಾದದ್ದು, ಆದರೆ ಬಹಳ ಬೇಕಾಗಿತ್ತು.

ಜೂನ್ ತಿಂಗಳಲ್ಲಿ ಸಂಘದವರು ಶಾಲೆಗಳಿಗೆಲ್ಲ ಲ್ಯಾಕ್ರೋಸಿನ ಕೋಲುಗಳನ್ನು ಕಳಿಸಿದ್ದರು. ಕೋಲಿನ ತುದಿಗೆ ಬಲೆಯ ಚೀಲ. ಅದರಲ್ಲೇ ಚೆಂಡನ್ನು ಹಿಡಿಯಬೇಕು, ಅದರಲ್ಲೇ ಹೊತ್ತು ಓಡಬೇಕು, ಅದರಿಂದಲೇ ಎಸೆಯಬೇಕು. ಉಳಿದ ಶಾಲೆಯವರು ಮೂಟೆ ಬಿಚ್ಚದೆ ವಾಪಸು ಕಳಿಸಿದರು. ನಮ್ಮ ಮಾಷ್ಟ್ರು ಮಾತ್ರ ಇಟ್ಟುಕೊಂಡರು. ಊರಿನವರು ಅದಕ್ಕೆ 'ಬಲೆಕೋಲು' ಎಂದು ಹೆಸರಿಟ್ಟು, ಪಪ್ಪಾಯಿ ಕೊಯ್ಯಲಿಕ್ಕೆ ಒಂದೆರಡು ದಿನ ಕೇಳಿ ಕೊಂಡುಹೋಗುತ್ತಿದ್ದರು. ಎಂಟು ಮಕ್ಕಳ ತಂಡವಾಯಿತು. ಮಾಷ್ಟ್ರು ಫೋನಿನಲ್ಲಿ ಓದಿ ಓದಿ ಆಟವನ್ನು ಅರೆದು ಕುಡಿದರು. ಶನಿವಾರ ಊಟವಾದ ಮೇಲೆ ಒಂದು ಹಾಳೆಯಲ್ಲಿ ನೀಟಾಗಿ ಬರೆದುಕೊಂಡರು: ಕೈ ದಣಿಯದಿರುವಾಗ ಮೊದಲು ಕೌಶಲ. ಇಪ್ಪತ್ತು ನಿಮಿಷ, ಎರಡೂ ಕೈಗೆ ಸಮ. ಅದಾದ ಮೇಲೆ ಬಲದ ವ್ಯಾಯಾಮ, ತಮ್ಮದೇ ಮೈಭಾರದಲ್ಲಿ. ದಣಿದ ಕೈಗೆ ಹೊಸತು ಕಲಿಸಬಾರದು, ತಪ್ಪನ್ನೇ ಕಲಿಯುತ್ತದೆ.

ಇದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಮಾಷ್ಟ್ರ ಕುತ್ತಿಗೆಯಲ್ಲಿ. ಯಾರು ಏನು ಹೇಳಿದರೂ ಅದು ತಾನಾಗಿ ಆಡಿ, ಆಗಲಿ ಅಂದುಬಿಡುತ್ತಿತ್ತು. ಮನಸ್ಸು 'ಇಲ್ಲ' ಎಂಬ ಶಬ್ದವನ್ನು ಹುಡುಕಿ ತರುವಷ್ಟರಲ್ಲಿ ಮಾತು ಮುಗಿದು ಎದುರಿನವರು ಹೊರಟುಹೋಗಿರುತ್ತಿದ್ದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಮೈದಾನಕ್ಕೆ ಬಂದು ನೋಡಿದರೆ ಅಲ್ಲಿ ಶಾಮಿಯಾನ. ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟ, ಮೂವತ್ತೆರಡು ತಂಡ, ಮೈಕಿನಲ್ಲಿ ಆಗಲೇ ವೀಕ್ಷಕ ವಿವರಣೆ. ಮಕ್ಕಳು ಬಲೆಕೋಲು ಹಿಡಿದು ಗೇಟಿನ ಹೊರಗೆ ಸಾಲಾಗಿ ನಿಂತಿದ್ದರು.

"ಮಾಷ್ಟ್ರೆ, ಅದಕ್ಕೆಲ್ಲ ಎಂತಕ್ಕೆ ತಲೆಬಿಸಿ?" ಎಂದು ಬದಿಯ ಬೇಲಿಯ ಆಚೆಯಿಂದ ಗಿರಿಧರಣ್ಣನ ಸ್ವರ ಬಂತು. ಗಿರಿಧರಣ್ಣ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಶಾಲೆಗೆ ತಾಗಿಯೇ ಅವರ ಮನೆ, ಅಂಗಳ, ಆರೆಕ್ರೆ ತೋಟ. "ನನ್ನ ತೋಟ ಇಲ್ವಾ? ನೆರಳುಂಟು, ನೀರುಂಟು. ಬನ್ನಿ ಬನ್ನಿ."

ಕುತ್ತಿಗೆ ಆಡಿತು. ಎಂಟೂ ಮಕ್ಕಳು ಬೇಲಿ ದಾಟಿದರು.

ಜನವರಿಯ ಮಂಜು ಇನ್ನೂ ಬಿಟ್ಟಿರಲಿಲ್ಲ. ಅಂಗಳದ ತುಂಬ ಹಣ್ಣಡಿಕೆ ಒಣಹಾಕಿತ್ತು, ಕಿತ್ತಳೆ ಬಣ್ಣದ ಕಂಬಳಿ ಹಾಸಿದ ಹಾಗೆ. ಅದರ ಮೇಲಿಂದ ಸಣ್ಣಗೆ ಹಬೆ ಏಳುತ್ತಿತ್ತು. ಘಟ್ಟ ಹತ್ತುವ ಗೂಡ್ಸ್ ರೈಲಿನ ಕೂಗು ನೆಟ್ಟಣದಿಂದ ತೇಲಿ ಬಂದು ಮರಗಳ ನಡುವೆ ಎಲ್ಲೋ ಕರಗಿತು. ಮಾಷ್ಟ್ರಿಗೆ ಎಲ್ಲವೂ ಶುಭವಾಗಿ ಕಂಡಿತು.

"ಎಂತ ಮಾಡಿಸುದು ಇವತ್ತು?" ಕೇಳಿದರು ಗಿರಿಧರಣ್ಣ.

ಮಾಷ್ಟ್ರು ಹಾಳೆ ತೆಗೆದು ಓದಿದರು. ಮೊದಲು ಕೌಶಲ ಎಂಬಲ್ಲಿಗೇ ಗಿರಿಧರಣ್ಣ ಕೈ ಎತ್ತಿ ತಡೆದರು.

"ಅಲ್ಲ ಮಾರಾಯ್ರೆ, ಬಲ ಇಲ್ಲದೆ ಎಂತ ಆಟ? ಕೊಯಿಲದ ಫಾರ್ಮಿನ ಹೋರಿ ನೋಡಿದ್ದೀರಾ? ಎಂತ ಮೈ, ಎಂತ ಹೆಗಲು! ಅದಕ್ಕೆ ಯಾರು ಸ್ಕಿಲ್ಲು ಕಲಿಸಿದ್ದು? ಮೊದಲು ಬಲ, ಆಯ್ತಾ. ನೋಡಿ, ತೋಡಿನ ಆಚೆ ಹದಿನಾಲ್ಕು ಗೋಣಿ ಅಡಿಕೆ ನಿನ್ನೆಯಿಂದ ಹಾಗೇ ಉಂಟು. ಇಬ್ಬಿಬ್ಬರು ಸೇರಿ ಒಂದೊಂದು ಹೊತ್ತು ತಂದ್ರೆ ಹೆಗಲಿಗೂ ಆಯ್ತು, ಕಾಲಿಗೂ ಆಯ್ತು."

"ಮಕ್ಕಳ ಹತ್ರ ಕೆಲಸ ಮಾಡಿಸಿದ ಹಾಗೆ..." ಎಂದರು ಮಾಷ್ಟ್ರು ಮೆಲ್ಲಗೆ.

"ಛೆ! ಕೆಲಸ ಅಂತ ಯಾರು ಹೇಳಿದ್ದು? ಗೋಣಿ ಖಾಲಿ ಇದ್ರೆ ಅದು ಕೆಲಸ. ತುಂಬಿದ್ರೆ ವ್ಯಾಯಾಮ."

ಇದರ ಅರ್ಥವೇನೆಂದು ಮಾಷ್ಟ್ರು ಯೋಚಿಸುತ್ತಿರುವಾಗಲೇ ಕುತ್ತಿಗೆ ತನ್ನ ಪಾಲಿನದನ್ನು ಮಾಡಿ ಮುಗಿಸಿತ್ತು. ಒಂಬತ್ತನೇ ಕ್ಲಾಸಿನ ಮೋಕ್ಷಿತಾ, ತಂಡದ ನಾಯಕಿ, ಹತ್ತಿರ ಬಂದು ಪಿಸುಗುಟ್ಟಿದಳು. "ಸರ್, ಚೀಟಿಯಲ್ಲಿ ಮೊದಲು ಸ್ಕಿಲ್ ಅಂತ ಉಂಟಲ್ಲ?"

"ಉಂಟು ಮಗಾ. ಆದ್ರೆ ಅಧ್ಯಕ್ಷರು..." ಎಂದು ಮಾಷ್ಟ್ರು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

ಗೋಣಿಗಳು ತೋಡಿನ ಸಂಕದ ಮೇಲೆ ಒಂದೊಂದಾಗಿ ಬಂದವು. ಅಡಿಕೆ ಮರದ ಎರಡು ಕಾಂಡದ ಸಂಕ, ಕೆಳಗೆ ಮೊಣಕಾಲು ನೀರು. ಐದನೇ ಗೋಣಿಗೆ ರಕ್ಷಿತ್ ಎಂಬ ಹುಡುಗ ಜಾರಿ ನೀರಿಗೆ ಬಿದ್ದ. ಗೋಣಿ ಮೇಲೆಯೇ ಉಳಿಯಿತು. ಗಿರಿಧರಣ್ಣ ಗೋಣಿಯನ್ನು ಮುಟ್ಟಿ ನೋಡಿ, "ತೊಂದ್ರೆ ಇಲ್ಲ, ಒದ್ದೆ ಆಗಿಲ್ಲ," ಎಂದರು.

ಹದಿನಾಲ್ಕೂ ಬಂದು ಮುಗಿದಾಗ ಗಿರಿಧರಣ್ಣನ ಹೆಂಡತಿ ಮೂಕಾಂಬಿಕಕ್ಕ ಜಗಲಿಗೆ ಬಂದರು. ಅವರದು ಬೇರೆಯೇ ಸಿದ್ಧಾಂತ. "ಹೊಟ್ಟೆ ಖಾಲಿ ಇಟ್ಟು ಎಂತ ಬಲ, ಎಂತ ಸ್ಕಿಲ್ಲು? ಕೂತ್ಕೊಳ್ಳಿ ಮಕ್ಕಳೇ." ಒಬ್ಬೊಬ್ಬರಿಗೆ ಎಂಟು ನೀರುದೋಸೆ, ತೆಂಗಿನ ತುರಿಗೆ ಬೆಲ್ಲ ಹಾಕಿದ ಕಾಯಿಸುಳಿ, ಬಾಳೆಹಣ್ಣಿನ ರಸಾಯನ. ಸಾಕು ಅಂದವರಿಗೆ ಇನ್ನೆರಡು. ಮಾಷ್ಟ್ರು ಕಣ್ಣಲ್ಲೇ ಬೇಡ ಎಂದು ಸನ್ನೆ ಮಾಡಿದರು. ಮೂಕಾಂಬಿಕಕ್ಕ ಅದನ್ನು ನೋಡಿ ಅವರ ಬಾಳೆಲೆಗೂ ನಾಲ್ಕು ದೋಸೆ ಹಾಕಿದರು.

ಆ ಹೊತ್ತಿಗೆ ಗೇಟಿನಲ್ಲಿ ಒಬ್ಬಳು ಹುಡುಗಿ ಕಾಣಿಸಿಕೊಂಡಳು. ಇಪ್ಪತ್ತೈದು ಇಪ್ಪತ್ತಾರು ವರ್ಷ, ಚೂಡಿದಾರ, ತಲೆಗೊಂದು ಬಟ್ಟೆಯ ಟೋಪಿ, ಕೈಯಲ್ಲಿ ನೋಟ್‌ಪುಸ್ತಕ. ಬೆಳಗ್ಗಿನ ರೈಲಿನಲ್ಲಿ ಇಳಿದು ನಡೆದು ಬಂದವಳ ಹಾಗಿದ್ದಳು. ಅಡಿಕೆ ಮರಗಳ ಎತ್ತರ ಕಂಡು ಬೆರಗಾಗಿಯೋ ಏನೋ, ಒಂದು ಗಳಿಗೆ ಮೇಲೆ ನೋಡುತ್ತ ನಿಂತಳು.

ಈ ಸೀಮೆಯಲ್ಲಿ ಎರಡು ವರ್ಷದಿಂದ ಪುಸ್ತಕ ಹಿಡಿದು ಅಡಿಕೆ ಮರದ ತಲೆ ನೋಡುವವರು ಯಾರೇ ಆಗಲಿ, ಎಲೆಚುಕ್ಕಿ ರೋಗದ ಸರ್ವೆಗೆ ಬಂದವರೇ. ಗಿರಿಧರಣ್ಣ ಮೂರು ಅರ್ಜಿ ಕೊಟ್ಟು ಕಾದಿದ್ದರು. ಊಟದ ಕೈಯಲ್ಲೇ ಎದ್ದು ಓಡಿದರು.

"ಅಂತೂ ಬಂದ್ರಲ್ಲ! ಎಷ್ಟು ಸಮಯ ಆಯ್ತು ಕಾದು! ಬನ್ನಿ, ಹಿಂದಿನ ತೋಟದಲ್ಲಿ ಜಾಸ್ತಿ ಉಂಟು. ಗರಿಯೆಲ್ಲ ಚುಕ್ಕಿ ಚುಕ್ಕಿ!"

"ನಾನು ಮಕ್ಕಳ..." ಎಂದಳು ಹುಡುಗಿ.

"ಮಕ್ಕಳದ್ದು ಬಿಡಿ, ಅದು ನಮ್ಮ ಮಾಷ್ಟ್ರ ಒಂದು ಹುಚ್ಚು. ನೀವು ಮೇಲೆ ನೋಡಿ, ಮೇಲೆ." ಮಾತು ಮುಗಿಯುವಷ್ಟರಲ್ಲಿ ಅವಳನ್ನು ತೋಟದೊಳಗೆ ಕರೆದುಕೊಂಡು ಹೋಗಿಯೂ ಆಗಿತ್ತು. ಹಿಂದಿನ ತೋಟದಲ್ಲಿ ದುಗ್ಗಮ್ಮ ಬಗ್ಗಿ ಅಡಿಕೆ ಹೆಕ್ಕುತ್ತಿದ್ದಳು. ಬಿದ್ದ ಹಣ್ಣಡಿಕೆಯನ್ನು ಒಂದೊಂದಾಗಿ ನೆಲದಿಂದ ಆರಿಸುವ ಕೆಲಸ ಅದು. ಅರುವತ್ತೆರಡು ವರ್ಷದ ಹೆಂಗಸು. ಸ್ವಂತದ್ದು ಮುಕ್ಕಾಲು ಎಕ್ರೆ ತೋಟ ಉಂಟು, ಅದರದ್ದು ಹೆಕ್ಕಿ ಮುಗಿದ ಮೇಲೆ ಇಲ್ಲಿಗೆ ಬರುತ್ತಾಳೆ. ಅವಳಷ್ಟು ಚುರುಕಾಗಿ ಹೆಕ್ಕುವವರು ಕಡಬದಿಂದ ಈಶ್ವರಮಂಗಲದವರೆಗೆ ಇಲ್ಲವೆಂದು ಗಿರಿಧರಣ್ಣ ಎಲ್ಲರ ಎದುರೂ ಹೇಳುತ್ತಿದ್ದರು, ಅವಳ ಎದುರು ಬಿಟ್ಟು.

ಮಾಷ್ಟ್ರು ಆ ಹುಡುಗಿಯತ್ತ ಸರಿಯಾಗಿ ನೋಡಲೂ ಇಲ್ಲ. ಅವರ ಕಣ್ಣು ರಸ್ತೆಯ ಮೇಲಿತ್ತು. ಅವರ ಕನಸಿನ ಆಯ್ಕೆದಾರರಿಗೆ ಆರಡಿ ಎತ್ತರ, ಅಗಲ ಹೆಗಲು, ಟ್ರ್ಯಾಕ್‌ಪ್ಯಾಂಟು ಇತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಒಂದು ಬೈಕು ಬಂದು ನಿಂತಿತು. ಅದರಿಂದ ಆರಡಿ ಎತ್ತರದ, ಅಗಲ ಹೆಗಲಿನ, ಟ್ರ್ಯಾಕ್‌ಪ್ಯಾಂಟು ಹಾಕಿದ ಒಬ್ಬರು ಇಳಿದರು. ಬೈಕಿನ ಬದಿಗೆ ಕಟ್ಟಿದ್ದ ಉದ್ದದ ಕಪ್ಪು ಚೀಲವನ್ನು ಜಾಗ್ರತೆಯಿಂದ ಬಿಚ್ಚಿ ಹೆಗಲಿಗೇರಿಸಿದರು.

ಲ್ಯಾಕ್ರೋಸಿನಲ್ಲಿ ಹಿಂದೆ ನಿಂತು ತಡೆಯುವವರಿಗೆ ಉಳಿದವರಿಗಿಂತ ಉದ್ದದ ಕೋಲು. ಮಾಷ್ಟ್ರು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದರು. ಚೀಲ ನೋಡಿದ್ದೇ ಅವರ ಎದೆ ಹಿಗ್ಗಿತು.

"ಬನ್ನಿ ಸರ್, ಬನ್ನಿ. ನಿಮ್ಮನ್ನೇ ಕಾಯ್ತಾ ಇದ್ದದ್ದು."

"ಹೌದಾ? ನಾನು ಆಶಿಕ್ ಅಂತ. ಸ್ವಲ್ಪ ಲೇಟಾಯ್ತು, ಸುಳ್ಯದಲ್ಲಿ ಇನ್ನೊಂದು ಕಡೆ ತೋರಿಸ್ಲಿಕ್ಕಿತ್ತು."

ಸುಳ್ಯದಲ್ಲಿಯೂ ತಂಡ ಉಂಟೆಂದು ಮಾಷ್ಟ್ರಿಗೆ ಗೊತ್ತಿರಲಿಲ್ಲ. "ಅಲ್ಲಿಯವರು ಹೇಗೆ ಸರ್?"

"ಅಲ್ಲಿಯದ್ದು ಎತ್ತರ ಕಡಿಮೆ. ನಿಮ್ಮದೇ ಒಳ್ಳೇದು," ಎಂದರು ಆಶಿಕ್, ತಲೆ ಎತ್ತಿ ಮರಗಳನ್ನು ನೋಡುತ್ತ. ಮಾಷ್ಟ್ರು ತನ್ನ ಮಕ್ಕಳನ್ನು ನೋಡಿದರು. ನಿಜ, ಸ್ವಲ್ಪ ಎತ್ತರವೇ ಇದ್ದಾರೆ ಅನ್ನಿಸಿತು. "ನಿಮ್ಮದೇನೋ ನಡೀತಾ ಉಂಟಲ್ಲ? ಮುಗಿಸಿ ನಿಧಾನಕ್ಕೆ. ನಂಗೆ ಅರ್ಜೆಂಟಿಲ್ಲ."

ಅವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಕೈಗೆ ಪುನರ್ಪುಳಿ ಶರಬತ್ತು ಕೊಟ್ಟು, ಮಾಷ್ಟ್ರು ಶುರು ಮಾಡಿದರು. ಮೊದಲನೆಯದು ಗೋಡೆಯ ಆಟ. ಹಟ್ಟಿಯ ಗೋಡೆಗೆ ಚೆಂಡನ್ನು ಎಸೆದು, ಪುಟಿದು ಬಂದದ್ದನ್ನು ಬಲೆಯಲ್ಲೇ ಹಿಡಿಯಬೇಕು. ದಿನಾ ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದ ಮಕ್ಕಳು. ಇವತ್ತು ಹದಿನಾಲ್ಕು ಗೋಣಿ ಹೊತ್ತ ಕೈ ಕೋಲಿನ ತುದಿಯಲ್ಲಿ ಗಡಗಡ ನಡುಗಿತು. ಮೋಕ್ಷಿತಾ ಎಸೆದದ್ದು ಗೋಡೆಗೆ ತಾಗಿತು, ಬಲೆಗೆ ಬರಲಿಲ್ಲ. ರಕ್ಷಿತ್ ಎಸೆದದ್ದು ಗೋಡೆಗೂ ತಾಗಲಿಲ್ಲ, ಕಿಟಕಿಯಲ್ಲಿ ಒಳಗೆ ಹೋಯಿತು. ಒಳಗಿನಿಂದ ದನ ಅಂಬಾ ಎಂದಿತು. ಉಳಿದ ಚೆಂಡುಗಳೆಲ್ಲ ಪುಟಿದು, ಉರುಳಿ, ಅಂಗಳಕ್ಕೆ ಸೇರಿದವು.

ಆಗಲೇ ಮಾಷ್ಟ್ರಿಗೆ ಹೊಳೆದದ್ದು. ಲ್ಯಾಕ್ರೋಸಿನ ಚೆಂಡು ಕಿತ್ತಳೆ ಬಣ್ಣದ್ದು, ಹಣ್ಣಡಿಕೆಗಿಂತ ಒಂಚೂರು ದೊಡ್ಡದು. ಅಂಗಳದಲ್ಲಿದ್ದದ್ದು ಒಂದು ಲಕ್ಷ ಹಣ್ಣಡಿಕೆ.

"ಹುಡುಕಿ ಮಕ್ಕಳೇ!" ಎಂಟು ಮಕ್ಕಳು ಅಡಿಕೆಯ ನಡುವೆ ಇಳಿದರು. ಮಾಷ್ಟ್ರೂ ನಾಲ್ಕು ಕಾಲಿನಲ್ಲಿ ಇಳಿದರು. ಸಾಲು ಸಾಲಾಗಿ ಕೆದಕಿಟ್ಟಿದ್ದ ಅಡಿಕೆ ಒಟ್ಟಾಗಿ ಗುಡ್ಡೆಯಾಯಿತು, ಬದಿಯ ಚರಂಡಿಗೆ ಉರುಳಿತು. ಆಶಿಕ್ ಕೂಡ ಬಂದು ಒಂದು ಅಡಿಕೆಯನ್ನು ಎತ್ತಿ ಅಂಗೈಯಲ್ಲಿ ತೂಗಿ, "ಒಳ್ಳೆ ಸೈಝು," ಎಂದರು.

"ಸರ್, ಅದು ಚೆಂಡಲ್ಲ."

"ಗೊತ್ತುಂಟು," ಎಂದರು ಆಶಿಕ್ ನಗುತ್ತ. ಆಯ್ಕೆದಾರರು ಇಷ್ಟು ಸರಳ ಮನುಷ್ಯರೆಂದು ಮಾಷ್ಟ್ರು ಎಣಿಸಿರಲಿಲ್ಲ.

ಹನ್ನೆರಡು ಚೆಂಡಿನಲ್ಲಿ ಮೂರು ಸಿಕ್ಕಿದವು. ಎರಡನೆಯದು ಬಲದ ವ್ಯಾಯಾಮ. ಕುಳಿತು ಏಳುವುದು, ಹದಿನೈದು ಸಲ. ಕುಳಿತರು. ಹೊಟ್ಟೆಯಲ್ಲಿದ್ದ ನೀರುದೋಸೆಯೂ ರಸಾಯನವೂ ಏಳಲು ಒಪ್ಪಲಿಲ್ಲ. ರಕ್ಷಿತ್ ಕುಳಿತಲ್ಲೇ ಕಣ್ಣು ಮುಚ್ಚಿದ. ಮಾಷ್ಟ್ರು ಅವನ ಬದಿಗೆ ಹೋಗಿ "ಏಳು ಮಗಾ, ಸರ್ ನೋಡ್ತಿದ್ದಾರೆ," ಎಂದು ಬೇಡಿಕೊಂಡರು.

"ಇನ್ನು ಕೊನೆಯದ್ದು ಸರ್, ನೆಲದ ಚೆಂಡು ಎತ್ತುದು. ಅದು ತೋಟದಲ್ಲಿ," ಎಂದು ಮಾಷ್ಟ್ರು ಎಲ್ಲರನ್ನೂ ಮರಗಳ ನಡುವೆ ಕರೆದೊಯ್ದರು. ಓಡುತ್ತ ಬಂದು, ಬಗ್ಗಿ, ನೆಲದಲ್ಲಿರುವ ಚೆಂಡನ್ನು ನಿಲ್ಲದೆ ಬಲೆಗೆ ಎತ್ತಿಕೊಂಡು ಹೋಗಬೇಕು. ಇದು ಅವರ ಮಕ್ಕಳು ನಿಜವಾಗಿ ಚೆನ್ನಾಗಿ ಮಾಡುತ್ತಿದ್ದದ್ದು. ಮೋಕ್ಷಿತಾ ಉಸಿರು ಎಳೆದುಕೊಂಡು ಓಡಿದಳು. ಮಾಷ್ಟ್ರ ಕಣ್ಣೆದುರು ಹಸಿರು ಮೈದಾನ ತೆರೆದುಕೊಂಡಿತು. ಸಾವಿರಾರು ಜನ, ಚಪ್ಪಾಳೆ, ಯಾರೋ ಕೇಳುತ್ತಿದ್ದಾರೆ, ಈ ಮಕ್ಕಳ ಕೋಚ್ ಯಾರು...

ಆಗ ತ್ರೀ ಫೇಸ್ ಕರೆಂಟು ಬಂತು.

ಗಿರಿಧರಣ್ಣನ ಪಂಪಿಗೆ ಆಟೋ ಸ್ಟಾರ್ಟರ್. ಕರೆಂಟು ಬಂದ ಮರುಗಳಿಗೆ ತೋಟದ ಅಷ್ಟೂ ಸ್ಪ್ರಿಂಕ್ಲರುಗಳು ಒಟ್ಟಿಗೆ ತಿರುಗತೊಡಗಿದವು. ಮೋಕ್ಷಿತಾ ಜಾರಿ ಬುಡದ ಮಣ್ಣಿಗೆ ಕುಳಿತಳು. ಮಕ್ಕಳು ಕಿರುಚಿದರು. ಮಾಷ್ಟ್ರು ಎಲ್ಲಿ ಓಡಿದರೂ ಅಲ್ಲಿಗೇ ನೀರು ತಿರುಗಿ ಬಂತು. ಕಿಸೆಯ ಹಾಳೆ ನೆನೆದು ಶಾಯಿಯೆಲ್ಲ ಅಂಗಿಗಿಳಿಯಿತು. ಆಶಿಕ್ ಚೀಲವನ್ನು ಎದೆಗವಚಿಕೊಂಡು ಪಂಪಿನ ಶೆಡ್ಡಿಗೆ ಓಡಿದರು. ಮಾಷ್ಟ್ರು ಹಿಂದೆಯೇ ಓಡಿದರು.

"ಸರ್, ಕ್ಷಮಿಸಿ ಸರ್. ಇದು ನಮ್ಮ ಪ್ಲಾನಲ್ಲಿ ಇರ್ಲಿಲ್ಲ."

"ಇರ್ಲಿ ಮಾರಾಯ್ರೆ. ಒಳಗೆ ನೀರು ಹೋಗಿದ್ಯಾ ನೋಡುವ," ಎಂದು ಆಶಿಕ್ ಚೀಲದ ಜಿಪ್ ಎಳೆದರು. ಒಳಗಿಂದ ಒಂದರೊಳಗೊಂದು ಸೇರಿದ ಕಪ್ಪು ಕೊಳವೆಗಳು ಬಂದವು. ಎಳೆದ ಹಾಗೆ ಉದ್ದವಾಗುತ್ತ, ಶೆಡ್ಡಿನ ಮಾಡಿನ ಅಂಚು ದಾಟಿ, ಹೊರಗಿನ ಮರದ ತಲೆಯವರೆಗೆ ಹೋಯಿತು. ತುದಿಯಲ್ಲಿ ಬಲೆ ಇರಲಿಲ್ಲ. ಕತ್ತಿ ಇತ್ತು.

ಅದು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ.

"ಎಂಬತ್ತಡಿ ಉಂಟು. ತೂಕವೇ ಇಲ್ಲ, ಹಿಡ್ದು ನೋಡಿ," ಎಂದರು ಆಶಿಕ್. "ಗಿರಿಧರಣ್ಣ ಡೆಮೊ ನೋಡ್ಬೇಕು ಅಂತ ಒಂದು ವಾರದಿಂದ ಹೇಳ್ತಿದ್ರು. ನೀವು ಅವರ ಜನ ಅಲ್ವಾ?"

ಮಾಷ್ಟ್ರು ಪಂಪಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಹಾಗಾದ್ರೆ ನೀವು ಲ್ಯಾಕ್ರೋಸ್..."

"ಅದು ಯಾವ ಕಂಪೆನಿ?" ಎಂದರು ಆಶಿಕ್.

ಒಂದು ಲೆಕ್ಕದಲ್ಲಿ ಸಮಾಧಾನವೂ ಆಯಿತು. ನಿಜವಾದ ಆಯ್ಕೆದಾರರು ಈ ಅವಾಂತರವನ್ನು ನೋಡಿಲ್ಲ. ಅವರು ಇನ್ನು ಬರಬೇಕಷ್ಟೆ. ಮಕ್ಕಳಿಗೆ ಒಂದು ಗಂಟೆ ವಿಶ್ರಾಂತಿ ಕೊಟ್ಟು, ಚೀಟಿಯಲ್ಲಿ ಬರೆದ ಹಾಗೇ, ಮೊದಲಿನಿಂದ... ಮಾಷ್ಟ್ರು ಎದ್ದು ನಿಂತರು. ಯಾರೋ ವಾಲ್ವ್ ತಿರುಗಿಸಿರಬೇಕು, ನೀರು ನಿಂತು ಅರ್ಧ ಗಂಟೆಯೇ ಆಗಿತ್ತು. ಹಿಂದಿನ ತೋಟದಿಂದ ಮಕ್ಕಳ ನಗು ಕೇಳಿತು. ಮಾಷ್ಟ್ರು ಆ ಕಡೆ ನಡೆದರು.

ಮರಗಳ ನಡುವೆ ಬಿಸಿಲು ಓರೆಯಾಗಿ ಇಳಿದಿತ್ತು. ಗರಿಗಳಿಂದ ಇನ್ನೂ ಹನಿ ಬೀಳುತ್ತಿತ್ತು, ನೀರಿನ ಹೊಗೆ ನೆಲದಿಂದ ಎದ್ದು ಮಕ್ಕಳ ಮೊಣಕಾಲಿನವರೆಗೆ ನಿಂತಿತ್ತು. ಅದರೊಳಗೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ಓಡುತ್ತ, ಬಗ್ಗುತ್ತ, ಏಳುತ್ತ, ಯಾರೂ ಯಾರಿಗೂ ತಾಗದೆ ಹರಿದು ಹೋಗುತ್ತಿದ್ದರು. ಒಂದೊಂದು ಕೋಲಿನಿಂದ ಒಂದೊಂದು ಕಿತ್ತಳೆ ಹಣ್ಣಡಿಕೆ ಹಾರಿ, ಬಿಸಿಲಿನಲ್ಲಿ ಒಮ್ಮೆ ಮಿನುಗಿ, ದೂರದ ಬುಟ್ಟಿಗೆ ಬೀಳುತ್ತಿತ್ತು. ಮಾಷ್ಟ್ರಿಗೆ ತಾನು ಕನಸಿನಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ತಿಳಿಯಲಿಲ್ಲ. ಇಷ್ಟು ಚಂದವಾಗಿ ಈ ಮಕ್ಕಳು ಆಡಿದ್ದನ್ನು ಅವರು ನೋಡಿಯೇ ಇರಲಿಲ್ಲ. ಅವರ ಕಣ್ಣು ತುಂಬಿ ಬಂತು.

ನಡುವೆ ದುಗ್ಗಮ್ಮ ನಿಂತಿದ್ದಳು. ಸೀರೆ ಮೇಲೆ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿ ಇಟ್ಟು, ಕೈಯಲ್ಲೊಂದು ಬಲೆಕೋಲು ಹಿಡಿದು.

"ಸೊಂಟ ಬಗ್ಗಿಸ್ಬೇಡ ಮಗಳೇ. ಸೊಂಟ ಬಗ್ಗಿಸಿದವ್ರು ನಲವತ್ತಕ್ಕೇ ಮುಗಿದ್ರು. ಮೊಣಕಾಲು ಮಡಚು. ಹ್ಞಾಂ. ಹತ್ತಾಯ್ತಾ? ನಿಲ್ಲು ಈಗ. ಕೈ ಕೊಡವು. ನೀರು ಕುಡಿ. ಇನ್ನು ಎಡಗೈಯಲ್ಲಿ ಹತ್ತು." ಹೇಳುತ್ತಲೇ ಅವಳು ಒಂದು ಅಡಿಕೆಯನ್ನು ಬಲೆಗೆತ್ತಿ, ತಿರುಗಿ ನೋಡದೆ ಹೆಗಲ ಮೇಲಿಂದ ಹಿಂದಕ್ಕೆಸೆದಳು. ಅದು ಹತ್ತು ಮಾರು ಆಚೆಯ ಬುಟ್ಟಿಯಲ್ಲಿ ಟಪ್ಪೆಂದಿತು. ನಲುವತ್ತು ವರ್ಷ ಕೈಯಲ್ಲಿ ಮಾಡಿದ್ದನ್ನು ಅವಳೀಗ ಕೋಲಿನಲ್ಲಿ ಮಾಡಿದ್ದಷ್ಟೆ.

"ದುಗ್ಗಮ್ಮಾ, ಮಕ್ಕಳಿಗೆ ಸುಸ್ತಾಗಿತ್ತು," ಎಂದರು ಮಾಷ್ಟ್ರು.

"ಆಗದೆ ಮತ್ತೆ? ಬೆಳಿಗ್ಗೆಯೇ ಗೋಣಿ ಹೊರಿಸಿದ್ದೀರಿ. ಪಾಪ, ಕೈ ನಡುಗ್ತಾ ಇತ್ತು. ಒಂದು ಗಳಿಗೆ ಕೂರಿಸಿ, ತೋಳು ತಿಕ್ಕಿಸಿ, ಮತ್ತೆ ಶುರು ಮಾಡ್ಸಿದ್ದು. ಮಾಷ್ಟ್ರೆ, ಮೊದಲು ಹೆಕ್ಕುದು, ಮತ್ತೆ ಹೊರುದು. ಹೊತ್ತ ಕೈಯಲ್ಲಿ ಹೆಕ್ಲಿಕ್ಕೆ ಹೋದ್ರೆ ಕಣ್ಣಿಗೆ ಕಂಡದ್ದು ಕೈಗೆ ಸಿಗುದಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತುಂಟು."

ದುಗ್ಗಮ್ಮನ ಬದಿಯಲ್ಲಿ, ಕಡಿದ ಮರದ ಬುಡದ ಮೇಲೆ, ಎಲೆಚುಕ್ಕಿಯ ಹುಡುಗಿ ಕುಳಿತು ಸರಸರ ಬರೆಯುತ್ತಿದ್ದಳು. ಫೋನಿನಲ್ಲಿ ಗಡಿಯಾರ ಓಡುತ್ತಿತ್ತು. ಮರದ ರೋಗಕ್ಕೆ ಗಡಿಯಾರ ಯಾಕೆ ಎಂದು ಮಾಷ್ಟ್ರಿಗೆ ಆಶ್ಚರ್ಯವಾಯಿತು. ಅವಳು ಎದ್ದು ಬಂದು ಕೈಮುಗಿದಳು.

"ಸರ್, ನಾನು ಪ್ರೀತಿಕಾ. ನಿನ್ನೆ ಮೆಸೇಜು ಹಾಕಿದ್ದು ನಾನೇ. ಬೆಳಿಗ್ಗೆಯೇ ಹೇಳ್ಲಿಕ್ಕೆ ಹೊರಟೆ, ಅಧ್ಯಕ್ಷರು ಬಿಡ್ಲಿಲ್ಲ. ಮತ್ತೆ ನನಗೂ, ಯಾರಿಗೂ ಗೊತ್ತಾಗದೆ ನೋಡುದೇ ಒಳ್ಳೇದು ಅನ್ನಿಸಿತು."

"ಎಲ್ಲಾ ನೋಡಿದ್ರಾ?"

"ಸಂಕದಿಂದ ಹಿಡಿದು. ಗೇಟಿಗೆ ಬರುವ ಮೊದಲೇ ರಸ್ತೆಯಿಂದ ನೋಡ್ತಾ ಇದ್ದೆ."

ಮಾಷ್ಟ್ರು ಕಿಸೆಯಿಂದ ಹಾಳೆಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಅಕ್ಷರಗಳು ಹರಡಿದ್ದವು, ಆದರೂ ಓದಬಹುದಿತ್ತು. "ಮೇಡಂ, ನಾನೂ ಇದನ್ನೇ ಬರ್ದದ್ದು. ನೋಡಿ. ಮೊದಲು ಕೌಶಲ, ಮತ್ತೆ ಬಲ. ದಣಿದ ಕೈಗೆ..."

ಪ್ರೀತಿಕಾ ಪೂರ್ತಿ ಓದಿದಳು. "ಸರಿ ಉಂಟು ಸರ್, ಒಂದಕ್ಷರ ತಪ್ಪಿಲ್ಲ. ಆದ್ರೆ ನೀವು ಬರ್ದದ್ದನ್ನು ಮಾಡ್ಸಿದ್ದು ಈ ದುಗ್ಗಮ್ಮ. ನೀವು ಮಾಡ್ಸಿದ್ದು ಅಧ್ಯಕ್ಷರು ಹೇಳಿದ್ದನ್ನು. ಶಿಬಿರದಲ್ಲಿ ಇಂಥ ಅಧ್ಯಕ್ಷರು ಹತ್ತು ಜನ ಇರ್ತಾರೆ ಸರ್. ಮಕ್ಕಳ ಭುಜ ಅಲ್ಲಿ ಉಳೀಬೇಕಲ್ಲ."

"ಅವರಿಗೆ ಆಟದ ರೂಲ್ಸು ಗೊತ್ತಿಲ್ಲ," ಎಂದರು ಮಾಷ್ಟ್ರು.

"ರೂಲ್ಸು ನಾನು ರೈಲಿನಲ್ಲಿ ಹೇಳಿಕೊಡ್ತೇನೆ. ಇದು ಹೇಳಿಕೊಟ್ಟು ಬರುವಂಥದ್ದಲ್ಲ."

ವಿಮಾನವೂ ಅಲ್ಲ, ರೈಲು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ 'ಇಲ್ಲ, ಇದಾಗುದಿಲ್ಲ' ಎಂಬ ಮಾತು ಹೊತ್ತಿಗೆ ಸರಿಯಾಗಿ ನಾಲಗೆಯ ತುದಿಗೆ ಬಂತು. ಅದನ್ನು ಹೇಳಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಮೋಕ್ಷಿತಾ ಎಡಗೈಯಲ್ಲಿ ಎಸೆದ ಅಡಿಕೆ ನೆಟ್ಟಗೆ ಬುಟ್ಟಿಗೆ ಬಿತ್ತು. ಆರು ತಿಂಗಳಿಂದ ಬಾರದ ಎಡಗೈ ಅದು. ಅವಳು ಕುಣಿದಾಡಿ, "ಸರ್, ನೋಡಿದ್ರಾ?" ಎಂದು ಕೂಗಿದಳು.

"ನೋಡಿದೆ ಮಗಾ," ಎಂದರು ಮಾಷ್ಟ್ರು. ಬಂದ ಮಾತು ಹಾಗೇ ಒಳಗೆ ಹೋಯಿತು.

ಚಂಡೀಗಢಕ್ಕೆ ಕೋಚ್ ಆಗಿ ಹೋಗುವುದು ನೀನೇ ಎಂದು ದುಗ್ಗಮ್ಮನಿಗೆ ತಿಳಿಸಿದಾಗ ಅವಳು ಮೂರು ಪ್ರಶ್ನೆ ಕೇಳಿದಳು. ಅಲ್ಲಿ ಕುಚ್ಚಲಕ್ಕಿ ಅನ್ನ ಸಿಗ್ತದಾ? ರೈಲಿನಲ್ಲಿ ಎಲೆಯಡಿಕೆ ಹಾಕ್ಲಿಕ್ಕೆ ಬಿಡ್ತಾರಾ? ಹದಿನೈದು ದಿನ ತನ್ನ ತೋಟದ ಅಡಿಕೆ ಹೆಕ್ಕುದು ಯಾರು?

ಮೂರನೆಯದನ್ನು ಕೇಳಿ ಗಿರಿಧರಣ್ಣ ಬೆಚ್ಚಿಬಿದ್ದರು. "ಅಯ್ಯೋ, ಅವಳದ್ದು ಮುಕ್ಕಾಲು ಎಕ್ರೆ! ನನ್ನದು ಆರೆಕ್ರೆ! ಈ ಸೀಸನ್ನಿನಲ್ಲಿ ಹೆಕ್ಕುವವರನ್ನು ಎಲ್ಲಿಂದ ತರುದು? ದೋಟಿ ತೆಗೊಂಡ್ರೆ ಮರದಲ್ಲಿದ್ದದ್ದು ಕೆಳಗೆ ಬರ್ತದೆ, ಕೆಳಗಿದ್ದದ್ದು ಮೇಲೆ ಬರ್ತದಾ?" ಆಶಿಕ್ 'ಮೇಲೆ ಬರುವುದಿಲ್ಲ' ಎಂದು ಪ್ರಾಮಾಣಿಕವಾಗಿ ತಲೆಯಾಡಿಸಿದರು. ಗಿರಿಧರಣ್ಣ ಸುತ್ತ ನೋಡಿದರು. ಅವರ ನೋಟ ಒಬ್ಬೊಬ್ಬರನ್ನೇ ದಾಟಿ ಬಂದು ಒಂದು ಕಡೆ ನಿಂತಿತು.

"ಮಾಷ್ಟ್ರೆ, ಮಕ್ಕಳೆಲ್ಲ ಚಂಡೀಗಢಕ್ಕೆ ಹೋದ ಮೇಲೆ ಸಂಜೆ ನಾಲ್ಕರ ನಂತರ ನಿಮಗೆ ಎಂತ ಕೆಲಸ ಉಂಟು? ಇವಳನ್ನು ನನ್ನ ತೋಟದಿಂದ ಎಬ್ಬಿಸಿದ್ದು ನಿಮ್ಮ ಆಟ ಅಲ್ವಾ?"

ಕುತ್ತಿಗೆ ಆಡಿತು. ಸಂಜೆಯಾಗುವಷ್ಟರಲ್ಲಿ ಬುಟ್ಟಿ ಮಾಷ್ಟ್ರ ಕೈಗೆ ಬಂದಿತ್ತು. ಹೇಗೂ ಮಾಡಲಿಕ್ಕುಂಟಲ್ಲ, ಇವತ್ತೇ ಕಲಿತರೆ ಒಳ್ಳೆಯದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಎಂಟು ಮಕ್ಕಳು, ಆಶಿಕ್, ಗಿರಿಧರಣ್ಣ, ಮೂಕಾಂಬಿಕಕ್ಕ ಸುತ್ತ ನಿಂತರು. ಮಾಷ್ಟ್ರು ಪ್ಯಾಂಟು ಮಡಚಿ, ಬಗ್ಗಿ, ಒಂದು ಅಡಿಕೆ ಎತ್ತಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ಬುಟ್ಟಿ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಇನ್ನೊಂದು ಎಸೆದರು. ಅದು ಗಿರಿಧರಣ್ಣನ ಹೊಟ್ಟೆಗೆ ತಾಗಿತು.

ದುಗ್ಗಮ್ಮ ಮರಕ್ಕೊರಗಿ ಎಲೆಯಡಿಕೆ ಜಗಿಯುತ್ತ ಅವರನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಮತ್ತೆ ಪ್ರೀತಿಕಾಳ ಕಡೆ ತಿರುಗಿ, ಆಯ್ಕೆ ಮುಗಿಸಿದವರ ಗಾಂಭೀರ್ಯದಿಂದ ಹೇಳಿದಳು.

"ಬಲ ಉಂಟು. ಕೈ ಪಳಗಿಲ್ಲ. ಆದ್ರೆ ಹೇಳಿದ್ದು ಕೇಳ್ತಾರೆ, ತಯಾರಾಗ್ತಾರೆ."

ಮಾಷ್ಟ್ರು ಉರುಳಿಹೋದ ಅಡಿಕೆಯನ್ನು ತರಲು ಮರಗಳ ನಡುವೆ ಹೋದರು.